ಬಾತುಕೋಳಿಯ ಹಾಡು

ನಮ್ಮ ಸೋದರಮಾವ ಶಿವಾರಪಟ್ಟಣದಲ್ಲಿ ಕಲ್ಲಿನ ವಿಗ್ರಹ ಕೆತ್ತುವವರು. ಅತ್ತೆ ಮುಳಬಾಗಿಲಿನಾಚೆ ಗಡಿಯ ಊರಿನವರು. ಗಾಬರಿಯಾದರೆ ಅವರ ಬಾಯಿಗೆ ಬರುವುದು ತೆಲುಗೇ. ಆ ದಿನ ನಂದಿಯೊಂದನ್ನು ಸಾಗಿಸಲು ಮಾಲೂರಿನಿಂದ ಟೆಂಪೊ ಬಂದಿತ್ತು. ಮಾವ ನಂದಿಗೆ ಗೋಣಿಚೀಲ ಸುತ್ತುತ್ತಿದ್ದರು, ನಾನು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದೆ. ಟೆಂಪೊ ಹಿಂದಕ್ಕೆ ಬಂತು, ನಿಲ್ಲಲಿಲ್ಲ. "ಆಗು! ಆಗು!" ಎಂದು ಅತ್ತೆ ಕಿರುಚಿದರು. ತೆಲುಗಿನಲ್ಲಿ ಹಾಗೆಂದರೆ ನಿಲ್ಲು. ಗಾಡಿ ನಂದಿಗೆ ಬಡಿಯಿತು. ನಡುವೆ ಮಾವನ ಬಲಗೈ ಇತ್ತು.

ಈಗಲೂ ಕಣ್ಣು ಮುಚ್ಚಿದರೆ ಆ ಗಾಡಿ ಹಿಂದಕ್ಕೆ ಬರುತ್ತದೆ. ಪ್ರತಿ ಸಲವೂ ನಾನು ಮೊಬೈಲು ಎಸೆದು ಓಡುತ್ತೇನೆ. ನಿಜದಲ್ಲಿ ಓಡಲಿಲ್ಲ.

ಡ್ರೈವರ್ ಮಂಡ್ಯದ ಕಡೆಯವನು. "ಅವಮ್ಮ ಆಗು ಆಗು ಅಂದ್ರು. ಜಾಗ ಆಗುತ್ತೆ, ಬಾ ಅಂತಾವ್ರೆ ಅಂದ್ಕೊಂಡೆ" ಎಂದ. ಸೇರಿದ್ದವರಲ್ಲಿ ಯಾರೋ ನಕ್ಕೂಬಿಟ್ಟರು.

ಮಾವನ ಎರಡು ಬೆರಳು ಹೋದವು. "ನನ್ ಬಾಯೇ ನಿಮ್ ಮಾವನ ಕೈ ತಿಂತು ಕಣೇ" ಎಂದ ಅತ್ತೆ, ಅಂದಿನಿಂದ ತೆಲುಗು ಆಡುವುದನ್ನೇ ಬಿಟ್ಟರು. ತವರಿನಿಂದ ಫೋನ್ ಬಂದರೂ ಕನ್ನಡದಲ್ಲೇ ತಡವರಿಸುತ್ತಿದ್ದರು.

ವಿಡಿಯೊವನ್ನು ನಾನು ಮತ್ತೆ ಮತ್ತೆ ನೋಡಿದೆ. ಕೊನೆಯಲ್ಲಿ ಡ್ರೈವರ್ ಗಾಡಿಯಿಂದ ಧುಮುಕಿದಾಗ ಎಲ್ಲಿಂದಲೋ ನಾಲ್ಕು ಸೆಕೆಂಡು ಕಿಣಿಕಿಣಿ ಸದ್ದು. ಅವನ ಮೊಬೈಲಿನಿಂದ ಇಯರ್‌ಫೋನಿನ ವೈರು ಕಿತ್ತು ಬಂದಿರಬೇಕು. ಫೋನ್ ಮಾಡಿ ಕೇಳಿದರೆ, "ನಾನು ಕಿವಿಗೆ ಏನೂ ಹಾಕಿರ್ಲಿಲ್ಲ. ಪಕ್ಕದ ಮನೆ ಮಗೀನ ಆಟದ ಸಾಮಾನಿರಬೇಕು" ಎಂದ.

ಹಾಡು ಗುರುತಿಸುವ ಆ್ಯಪಿಗೆ ಆ ತುಣುಕು ಕೇಳಿಸಿದೆ. ಮೂರನೇ ಸಲಕ್ಕೆ ಹೆಸರು ಬಂತು. ಯಾವುದೋ ದೂರದ ದೇಶದಲ್ಲಿ ಕೂತು ಕಂಪ್ಯೂಟರಿನಲ್ಲೇ ಹಾಡು ಕಟ್ಟುವ ಒಬ್ಬಾಕೆಯದು. ಹಗೆಯಿಂದಲೇ ಕೇಳಲು ಕೂತೆ. ಕೆಟ್ಟದಾಗಿದ್ದರೆ ಎಷ್ಟು ಚೆನ್ನಾಗಿತ್ತು! ನೀರಿನ ಗುಳ್ಳೆಗಳು ಒಂದೊಂದಾಗಿ ಒಡೆಯುತ್ತವೆ, ಒಡೆದಲ್ಲೆಲ್ಲ ಸಣ್ಣ ಗಂಟೆ. ಮೂರನೇ ಗಂಟೆಯಾದ ಮೇಲೆ ಮೌನ. ಇನ್ನೇನು ಜೊಂಪು ಹತ್ತಬೇಕು, ಬಾತುಕೋಳಿಯೊಂದು ಎರಡು ಸಲ ಕ್ವಾಕ್ ಎನ್ನುತ್ತದೆ. ನನಗೆ ನಗು ಬಂದುಬಿಟ್ಟಿತು. ನಕ್ಕಿದ್ದಕ್ಕೆ ಡ್ರೈವರನ ಮೇಲಿನ ಸಿಟ್ಟು ಇನ್ನೂ ಏರಿತು.

ಅತ್ತೆಯನ್ನು ಕರೆದುಕೊಂಡು ಮಾಲೂರಿಗೆ, ಟೆಂಪೊ ಮಾಲೀಕರ ಶೆಡ್ಡಿಗೆ ಹೋದೆ. ಡ್ರೈವರನ್ನೂ ಕರೆಸಿದ್ದರು. ನಾನು ಮೊಬೈಲನ್ನು ಮೇಜಿನ ಮೇಲಿಟ್ಟು ಹಾಡು ಹಾಕಿದೆ.

"ಏನಮ್ಮಾ ಇದು, ಐಸ್ ಕ್ರೀಮ್ ಗಾಡೀನಾ?" ಎಂದರು ಮಾಲೀಕರು.

ಮೂರನೇ ಗಂಟೆಗೆ ನಿಲ್ಲಿಸಿದೆ. ಆ ಮೌನದಲ್ಲಿ ಡ್ರೈವರನ ಹೆಬ್ಬೆರಳು ತೊಡೆಯ ಮೇಲೆ ಎರಡು ಸಲ ಬಡಿಯಿತು. ಮತ್ತೆ ಹಾಡು ಹಾಕಿದೆ. ಕ್ವಾಕ್, ಕ್ವಾಕ್.

"ವಿಡಿಯೊ ಕೊನೇಲಿ ಕೇಳ್ಸೋದು ಇದೇ ಹಾಡು. ಬಾತುಕೋಳಿ ಬರೋದು ಇವನಿಗೆ ಮೊದ್ಲೇ ಹೆಂಗೆ ಗೊತ್ತಾಯ್ತು, ಕೇಳಿ ಸಾರ್" ಎಂದೆ.

ಮಾಲೀಕರು ಅವನ ಕೈಯನ್ನೇ ನೋಡಿದರು. "ಲೇ, ಮಗೀನ ಆಟದ ಸಾಮಾನು ಅಂದ್ಯಲ್ಲೋ?"

ಅವನು ಆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ. "ಕಿವಿಗೆ ಹಾಕ್ಕೊಂಡಿದ್ದೆ. ಈ ಅಮ್ಮಂದು ಒಂದು ಮಾತೂ ಕೇಳಿಸ್ಲಿಲ್ಲ. ಅವರು ಆಗು ಅಂದ್ರು ಅಂತ ಆಮೇಲೆ ಜನ ಹೇಳಿದ್ದು."

ಅತ್ತೆ ಎದ್ದು ನಿಂತರು. "ನೀ ಇಲ್ಲು ಕೂಲ!" ಎಂದರು. ನಿನ್ನ ಮನೆ ಬಿದ್ದುಹೋಗ ಎಂದು. ತಿಂಗಳ ಮೇಲೆ ಅವರ ಬಾಯಿಂದ ಬಂದ ಮೊದಲ ತೆಲುಗು. ಮಾಲೀಕರು ಅವನಿಂದ ಗಾಡಿಯ ಕೀ ಇಸಿದುಕೊಂಡಾಗ ನಾನು ಕಣ್ಣು ಮಿಟುಕಿಸದೆ ನೋಡಿದೆ.

ಬಸ್ ಸ್ಟಾಪಿನವರೆಗೂ ಅವನು ಹಿಂದೆ ಬಂದ. "ಅಕ್ಕಾ, ಆ ಹಾಡು ಯಾರೋ ಕಳ್ಸಿದ್ರು. ಹೆದ್ರಿ ಅವತ್ತೇ ಅಳಿಸ್ಬಿಟ್ಟೆ. ಎಷ್ಟು ಹುಡುಕಿದ್ರೂ ಸಿಗ್ತಿಲ್ಲ. ಹೆಸರೇನಕ್ಕಾ?"

ಕೇಳುವಾಗ ಅವನ ಮುಖದಲ್ಲಿ ನಿಜವಾದ ಆಸೆಯಿತ್ತು. ಆ ಆಸೆ ನನಗೆ ಗೊತ್ತು, ನಾನೂ ದಿನಾ ಆ ಹಾಡನ್ನು ಕೇಳುತ್ತೇನೆ.

ಹೇಳಲಿಲ್ಲ. ಇಲ್ಲೂ ಬರೆಯುವುದಿಲ್ಲ. ಅವನು ಓದಿಬಿಟ್ಟಾನು.