ಗುಂಡಿ ಹಾಕುವ ಕೆಲಸ

ಟೈಲರ್ ತಾತ ಹಾಕಿದ ಗುಂಡಿ ಕಿತ್ತುಬಂತು ಅಂದವರನ್ನು ಆ ಬೀದಿ ಕಂಡಿರಲಿಲ್ಲ. ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾದರೂ ಗುಂಡಿ ಮಾತ್ರ ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ. ದಾರ ಎರಡೆಳೆ, ಗುಂಡಿಯ ಬುಡಕ್ಕೆ ಬಿಗಿಯಾಗಿ ಸುತ್ತು, ಹಿಂದೆ ಗಂಟು. ಬೇರೆ ಜಂಬ ಅವರಿಗಿರಲಿಲ್ಲ, ಇದೊಂದಿತ್ತು.

ಹೆಂಡತಿ ತೀರಿಕೊಂಡ ಮೇಲೆ ಮನೆ ಬಿಕೋ ಅನ್ನುತ್ತಿತ್ತು. ಕಣ್ಣು ಮಂಜಾಯಿತು, ಕತ್ತರಿ ಮಗನ ಕೈಗೆ ಹೋಯಿತು, ಮಿಷನ್ನು ಸೊಸೆಯ ಪಾಲಾಯಿತು. ತಾತನಿಗೆ ಉಳಿದದ್ದು ಅಂಗಡಿ ಬಾಗಿಲ ಪಕ್ಕದ ಸ್ಟೂಲು, ಗುಂಡಿ ಹಾಕುವ ಕೆಲಸ. ಸ್ಟೂಲೇನು ಸಿಂಹಾಸನವೇ? ಒಂದು ಕಾಲು ಗಿಡ್ಡ. ಆದರೆ ಅಲ್ಲಿ ಕೂತರೆ ಹೋಗುವವರು ಬರುವವರು "ಏನ್ ತಾತ, ಊಟ ಆಯ್ತಾ?" ಅನ್ನುತ್ತಿದ್ದರು. ಹಗಲು ಹೊತ್ತು ಮನೆಯಲ್ಲಿ ಯಾರು ಕೇಳಬೇಕು, ಗೋಡೆಯೇ?

ಮಧ್ಯಾಹ್ನ ಮನೆಗೆ ಹೋಗಿ ಒಂದು ನಿದ್ದೆ ತೆಗೆಯುವುದು ರೂಢಿ. ಅವತ್ತು ಹಾಳು ನಿದ್ದೆ ಹತ್ತಲಿಲ್ಲ. ಬೇಗ ವಾಪಸು ಬಂದವರು ಅಂಗಡಿಯ ಪರದೆಯ ಆಚೆಗೇ ನಿಂತುಬಿಟ್ಟರು. ಒಳಗೆ ಸೊಸೆ ಬ್ಲೇಡು ಹಿಡಿದು, ಬೆಳಿಗ್ಗೆ ತಾತ ಹಾಕಿದ್ದ ಗುಂಡಿಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕುತ್ತಿದ್ದಳು.

"ಯಾಕಮ್ಮ ಈ ಕರ್ಮ? ಮೊದಲೇ ನೀನೇ ಹಾಕಬಾರದಾ?" ಎಂದರು ಕಾದು ಕೂತಿದ್ದ ಗಿರಾಕಿ ಹೆಂಗಸು.

"ಮಾವಂಗೆ ಕಣ್ಣು ಕಾಣಲ್ಲ ಅಕ್ಕ, ಸೊಟ್ಟಪಟ್ಟ ಆಗತ್ತೆ. ಬೇಡ ಅಂದ್ರೆ ಮನೇಲಿ ಒಬ್ಬರೇ ಕೂತು ಕೊರಗ್ತಾರೆ. ಮಾವ ಇಲ್ಲಿ ನಗ್ತಾ ಇದ್ರೆ ಸಾಕು ನಂಗೆ." ಸೊಸೆ ಬೆರಳು ಚೀಪಿಕೊಂಡಳು. "ಗಟ್ಟಿ ಮಾತ್ರ ಏನ್ ಗಟ್ಟಿ ಹಾಕ್ತಾರೆ ಅಂತೀರಿ! ಬಿಚ್ಚೋಕೆ ಹೋಗಿ ದಿನಾ ಕೈ ಕುಯ್ಕೋತೀನಿ."

ತಾತ ಬೀದಿಯ ಕೊನೆಯವರೆಗೆ ಹೋಗಿ, ಹೊತ್ತು ಕಳೆದು ಬಂದರು. ಕೋಪ ಬಂದಿದ್ದರೆ ವಾಸಿಯಿತ್ತು. ಆದರೆ ಯಾರ ಮೇಲೆ ಬರಬೇಕು? ಅಷ್ಟು ಅಕ್ಕರೆಯ ಹುಡುಗಿ. ದುಃಖ ಒತ್ತರಿಸಿಕೊಂಡು ಬಂತು, ನುಂಗಿಕೊಂಡರು.

ಮರುದಿನದಿಂದ ಒಂದೇ ಎಳೆ ದಾರ. ಸುತ್ತಿಲ್ಲ, ಗಂಟಿಲ್ಲ. ಎಳೆದರೆ ಬರಬೇಕು, ಹುಡುಗಿಯ ಬೆರಳು ಉಳಿಯಬೇಕು. ಜನ್ಮದಲ್ಲಿ ಮಾಡದ ಕಳ್ಳಕೆಲಸ ಅದು. ಕೈ ಒಪ್ಪಲೊಲ್ಲದು, ಅದನ್ನು ಗದರಿಸಿ ಮಾಡಿಸಿದರು.

ವಾರ ಕಳೆದ ಮೇಲೆ ಒಂದು ಸಂಜೆ ಮಗ ಬಂದು ಸ್ಟೂಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಅಪ್ಪಾ, ನಿನ್ನ ಕೈಯಲ್ಲಿ ಶಕ್ತಿನೇ ಹೋಗಿದೆ. ಒಂದು ಗುಂಡಿನೂ ನಿಲ್ತಿಲ್ಲ. ಅದನ್ನ ನೋಡಿ ಇವಳು ಅತ್ತೇಬಿಟ್ಟಳು. ದುಡಿದಿದ್ದು ಸಾಕಪ್ಪ, ನಾಳೆಯಿಂದ ಮನೇಲೇ ಆರಾಮಾಗಿರು."

ತಾತ ಬಾಯಿ ತೆರೆದರು. ನಿಜ ಹೇಳಿದರೆ ಸ್ಟೂಲು ಉಳಿದೀತು. ಆದರೆ ಸೊಸೆ ಮಿಷನ್ನು ನಿಲ್ಲಿಸಿ, ಕಣ್ಣೊರೆಸಿಕೊಳ್ಳುತ್ತಾ ಇತ್ತಲೇ ನೋಡುತ್ತಿದ್ದಳು. ಹೇಳಿದರೆ ಆ ಹುಡುಗಿ ಇನ್ನು ತಮ್ಮ ಮುಖ ನೋಡುವುದು ಹೇಗೆ?

"ಹೂಂ ಕಣೋ, ನಾನೇ ಹೇಳೋಣ ಅಂತಿದ್ದೆ," ಎಂದರು.