ಗೊರಕೆ ಹೊಡೆಸುವ ಪಾಠ

ಮಕ್ಕಳ ವೈದ್ಯರಾಗಲೆಂದು ರಾಯಚೂರಿಗೆ ಬರುವ ಹುಡುಗ ಹುಡುಗಿಯರಿಗೆ ನಾನು ನಿದ್ದೆಯ ಪಾಠ ಮಾಡುತ್ತೇನೆ. ಮೊದಲ ದಿನವೇ ಪುಸ್ತಕ ಮುಚ್ಚಿಸಿ ಒಬ್ಬೊಬ್ಬರಿಂದಲೂ ಗೊರಕೆ ಹೊಡೆಸುತ್ತೇನೆ. ಸಾದಾ ಗೊರಕೆ, ನೆಗಡಿಯ ಗೊರಕೆ, ಕೊನೆಗೆ ನಡುವೆ ಉಸಿರು ನಿಂತು ಗಕ್ಕನೆ ಮತ್ತೆ ಶುರುವಾಗುವ ಗೊರಕೆ. ಪಕ್ಕದ ಕೋಣೆಯವರು ಇಣುಕಿ ನಕ್ಕು ಹೋಗುತ್ತಾರೆ. ನಗಲಿ. ದೇವದುರ್ಗ, ಮಾನ್ವಿ ಕಡೆಯ ತಾಯಂದಿರನ್ನು ಮಗುವಿನ ನಿದ್ದೆ ಹೇಗಿದೆ ಎಂದು ಕೇಳಿದರೆ, ‘ಚಂದ ಅದರೀ, ಗೊರಕಿ ಹೊಡದು ಮಲಗ್ತದ’ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಉಸಿರು ನಿಲ್ಲುತ್ತದೆಯೇ ಎಂದರೆ ಬೈದೇ ಬಿಡುತ್ತಾರೆ. ಸದ್ದು ಮಾಡಿ ತೋರಿಸಿದರೆ ತಟ್ಟನೆ ಗುರುತು ಹಿಡಿಯುತ್ತಾರೆ.

ಒಂದು ವರ್ಷ ಮೈಸೂರು ಕಡೆಯ ಹುಡುಗನೊಬ್ಬ ಬಂದಿದ್ದ. ಇಸ್ತ್ರಿ ಮುರಿಯದ ಅಂಗಿ, ಅಳೆದು ತೂಗಿದ ಮಾತು. ತನ್ನ ಸರದಿ ಬಂದಾಗ, ‘ಕ್ಷಮಿಸಿ ಮೇಡಂ, ಅದೊಂದು ಮಾತ್ರ ನನ್ನ ಕೈಲಾಗಲ್ಲ’ ಅಂದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ‘ಸೂಜಿ ಚುಚ್ಚಾಕ ನಾಚಿಕಿಲ್ಲ, ಗೊರಕಿ ಹೊಡಿಯಾಕ ಏನಪಾ ನಾಚಿಕಿ?’ ಎಂದು ಗದರಿದೆ.

ಆ ವಾರವೇ ದೇವದುರ್ಗದ ಕಡೆಯ ಕುರಿ ಕಾಯುವ ಮನೆಯ ಅಜ್ಜಿಯೊಬ್ಬಳು ಮೊಮ್ಮಗಳನ್ನು ಕರೆತಂದಳು. ಹುಡುಗಿ ಶಾಲೆಯಲ್ಲಿ ಕೂತಲ್ಲೇ ತೂಕಡಿಸುತ್ತಾಳೆಂದು, ಅಪ್ಪ ಶಾಲೆ ಬಿಡಿಸಿ ಕುರಿ ಹಿಂದೆ ಕಳಿಸುವವನಿದ್ದ.

‘ಬಾಯಿ ಬಿಟಗೊಂಡು ಕುಂದರ್ತಾಳಂತ ಎಲ್ಲಾರೂ ದಡ್ಡಿ ಅಂತಾರ. ಇಕಿ ದಡ್ಡಿ ಅಲ್ಲರೀ ಯವ್ವಾ. ಸಾಲಿ ಬಿಡಸಬ್ಯಾಡ ಅಂತ ನೀವರ ಹೇಳ್ರಿ.’

ವಿಚಾರಿಸುವ ಕೆಲಸ ಮೈಸೂರಿನ ಹುಡುಗನದಾಗಿತ್ತು. ‘ರಾತ್ರಿ ನಿದ್ದೆ ಹೇಗೆ ಮಾಡ್ತಾಳೆ ಅಜ್ಜಿ?’

‘ನಿದ್ದಿಗೇನ್ರಿ, ಗೊರಕಿ ಹೊಡದು ಮಲಗ್ತಾಳ.’

ಅವನು ನನ್ನ ಮುಖ ನೋಡಿದ. ನಾನು ಕಿಟಕಿಯ ಹೊರಗೆ ನೋಡಿದೆ. ಬಾಗಿಲ ತುಂಬ ಜನ ನಿಂತಿದ್ದರು. ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ, ಕಣ್ಣು ಮುಚ್ಚಿ ಬಾಯಿ ತೆರೆದ. ಅಂಥ ಗೊರಕೆಯನ್ನು ನನ್ನ ಯಾವ ಶಿಷ್ಯರೂ ಹೊಡೆದಿರಲಿಲ್ಲ. ನಡುವೆ ನಿಲ್ಲಿಸಿದ, ಕೋಣೆಯಲ್ಲಿದ್ದವರೆಲ್ಲ ಕಾದು ನಿಂತರು. ಗಕ್ಕನೆ ಮತ್ತೆ ಎತ್ತಿಕೊಂಡ.

‘ಹಾಂ! ಹಂಗ, ಹಂಗ!’ ಅಜ್ಜಿ ಅವನ ಕೈ ಹಿಡಿದಳು. ‘ನಿನಗ ಹೆಂಗ ಗೊತ್ತಾತೋ ಯಪ್ಪಾ?’

ಹುಡುಗಿ ಬಿದ್ದು ಬಿದ್ದು ನಕ್ಕಳು. ನನಗಂತೂ ಅವನನ್ನು ಎತ್ತಿ ಕುಣಿಸುವಷ್ಟು ಖುಷಿಯಾಯಿತು.

ಮೂಗಿನ ಹಿಂದೆ ಬೆಳೆದ ಮಾಂಸ ಉಸಿರಿಗೆ ಅಡ್ಡವಾಗಿತ್ತು. ಹುಡುಗಿಗೆ ಸರಿಯಾದ ನಿದ್ದೆಯೇ ಇರಲಿಲ್ಲ. ಆಪರೇಷನ್ ಆಯಿತು. ಕೆಲವು ತಿಂಗಳ ಮೇಲೆ ಅಜ್ಜಿ ಮೊಮ್ಮಗಳಿಬ್ಬರೂ ತೋರಿಸಲು ಬಂದರು. ಶಾಲೆ ಉಳಿದಿತ್ತು. ಈಗ ಮಾಸ್ತರು ಇವಳ ಮಾತು ನಿಲ್ಲಿಸಲು ಹೆಣಗುತ್ತಿದ್ದಾರಂತೆ.

‘ಆಪರೇಷನ್ ಆದ ಮ್ಯಾಲ ಮೊದಮೊದಲ ಸಪ್ಪಳನ ಇರಲಿಲ್ಲರೀ. ಉಸಿರು ಅದನೋ ಇಲ್ಲೋ ಅಂತ ಎದ್ದೆದ್ದು ಮೂಗಿಗೆ ಬೆರಳು ಹಿಡಿತಿದ್ದೆ’ ಎಂದಳು ಅಜ್ಜಿ. ‘ಈಗ ಮತ್ತ ಸಣ್ಣಗೆ ಗೊರಕಿ ಹೊಡಿಯಾಕತ್ತಾಳ. ನನಗೂ ನಿದ್ದಿ ಹತ್ತತದ.’

ಮಾಂಸ ಮತ್ತೆ ಬೆಳೆಯಿತೇ ಎಂದು ನಾನು ಟಾರ್ಚು ಕೈಗೆತ್ತಿಕೊಂಡೆ. ಮೈಸೂರಿನ ಹುಡುಗನ ಮುಖ ಬಾಡಿತು. ಅಜ್ಜಿ ಚೀಟಿ ತರಲು ಹೊರಗೆ ಹೋದದ್ದೇ ತಡ, ಹುಡುಗಿ ನನ್ನ ಕಿವಿಗೆ ಬಾಯಿ ಹಚ್ಚಿದಳು.

‘ಅದು ಸುಳ್ಳ ಗೊರಕಿರೀ. ಅಕಿ ಮಲಗೋತನ ನಾನ ಹೊಡೀತೀನಿ, ಈ ಡಾಕ್ಟರ್ ಹೊಡದಂಗ. ನಡುವ ಮಾತ್ರ ನಿಲ್ಲಸಂಗಿಲ್ಲ.’