ಬೀಳುವವನ ಹಳದಿ ಪಟ್ಟಿ

ವಿಶಾಖಪಟ್ಟಣ ಬಂದರಿನಲ್ಲಿ ಮೂಟೆ ಹೊರುತ್ತಿದ್ದಾಗ ಕಾಲಿಗೆ ಮೊಳೆ ಚುಚ್ಚಿ ಒಂದು ಖಾಸಗಿ ಆಸ್ಪತ್ರೆ ಸೇರಿದ್ದೆ. ನೋವಿನ ಇಂಜೆಕ್ಷನ್ನಿಗೆ ತಲೆ ತಿರುಗಿ ಬೀಳಬಹುದೆಂದು ನರ್ಸಮ್ಮ ನನ್ನ ಕೈಗೆ ಹಳದಿ ಪಟ್ಟಿ ಕಟ್ಟಿದಳು. ಅವಳಿಲ್ಲದೆ ಮಂಚ ಇಳಿಯುವಂತಿಲ್ಲವಂತೆ.

“ಹಡಗಿನ ಹಗ್ಗದೇಣಿ ಹತ್ತುವವನಮ್ಮಾ ನಾನು!” ಎಂದೆ.

“ದಿಗೊದ್ದು ಅನ್ನಾ, ಇಳೀಬೇಡಿ. ಇವತ್ತು ಆಸ್ಪತ್ರೆಗೆ ಮಾನ್ಯತೆ ಕೊಡೋರು ತಪಾಸಣೆಗೆ ಬರ್ತಾರೆ. ಮಾನ್ಯತೆ ಸಿಕ್ಕರೆ ನಮ್ಮ ಸಂಬಳ ಏರುತ್ತೆ. ನೀವು ಬಿದ್ದರೆ ನನ್ನ ಕೆಲಸ ಹೋಗುತ್ತೆ.”

ಯಾವ ಊರಲ್ಲೂ ನೆಟ್ಟಗೆ ನಿಲ್ಲದ ನಾನು ಅವಳಿಗೋಸ್ಕರ ಬೆಳಗಿನಿಂದ ಮಂಚದ ಮೇಲೇ ಕೂತಿದ್ದೆ. ತಪಾಸಣೆಯ ಮೇಡಂ ಬಂದು, “ಬೀಳದ ಹಾಗೆ ಇರೋದು ಹೇಗೆ ಅಂತ ಹೇಳಿಕೊಟ್ಟಿದ್ದಾರಾ?” ಎಂದು ಕೇಳಿದರು. ನರ್ಸಮ್ಮನಿಗೆ ಒಳ್ಳೆಯ ಹೆಸರು ಬರಲೆಂದು, “ಬಹಳ ಚೆನ್ನಾಗಿ! ನೋಡಿ ಮೇಡಂ!” ಎನ್ನುತ್ತಾ ಇಳಿದು ತೋರಿಸಲು ಹೋದೆ. ಅವರು ಬರುತ್ತಾರೆಂದೇ ಫಳಫಳ ಒರೆಸಿದ್ದ ನೆಲದ ಮೇಲೆ ಜಾರಿ, ಅವರ ಕಾಲ ಬಳಿಯೇ ಅಂಗಾತ ಬಿದ್ದೆ.

ನರ್ಸಮ್ಮನ ಮುಖ ಬಿಳುಚಿತು. ಮರುಕ್ಷಣವೇ ಅವಳು ನನ್ನ ಕೈಯೆತ್ತಿ ತೋರಿಸಿ, “ಇವರು ಬೀಳ್ತಾರೆ ಅಂತ ಮೊದಲೇ ಪಟ್ಟಿ ಕಟ್ಟಿದ್ದೆ, ಮೇಡಂ” ಎಂದಳು.

“ಸರಿಯಾಗೇ ಗುರುತಿಸಿದ್ದೀರಿ” ಎಂದು ಮೇಡಂ ತಲೆದೂಗಿದರು.

ಆಸ್ಪತ್ರೆಗೆ ಮಾನ್ಯತೆ ಸಿಕ್ಕಿತು. ಐದನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಒಂದಿಡೀ ಆಸ್ಪತ್ರೆಯನ್ನು ಪಾಸು ಮಾಡಿಸಿದ್ದು ಹೀಗೆ, ಮಲಗಿಕೊಂಡೇ.